ಗಾಳಿ ಬಂದು ಹೋದ ಮೇಲೆ ಕಂತು ಯಾರು ಕಟ್ತಾರೆ?

ಪ್ರಶ್ನೆ: ಸರ್ ನಮಸ್ತೆ. ನಾನು ದಾವಣಗೆರೆಯಲ್ಲಿ ಪಿಯು ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ. 2024ರಲ್ಲಿ ವರ್ಲ್ಡ್ ಕಪ್ ಗೆದ್ದ ನಮ್ಮ ಟೀಮ್ ಚಂಡಮಾರುತದಿಂದ ಬಾರ್ಬಡೋಸಲ್ಲೇ ಸಿಕ್ಕಿಹಾಕ್ಕೊಂಡಿತ್ತಲ್ಲ, ಅದನ್ನೇ ಹಿಡ್ಕೊಂಡು ಹವಾಮಾನ ಹಣಕಾಸಿನ, ಅಂದ್ರೆ ಹವಾಮಾನ ಬದಲಾವಣೆ ಎದುರಿಸೋಕೆ ದೇಶಗಳಿಗೆ ಬೇಕಾದ ದುಡ್ಡಿನ ಪಾಠ ಶುರು ಮಾಡಿದ್ದೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಟೀಮ್ ಏನೋ ವಿಮಾನ ಹತ್ತಿ ಬಂತು, ಅಲ್ಲಿ ಮನೆ ಬಿದ್ದೋರಿಗೆ ದುಡ್ಡು ಯಾರು ಕೊಡ್ತಾರೆ ಸರ್, ಅದು ಸಹಾಯನಾ ಸಾಲನಾ?" ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಪೇಪರಲ್ಲಿ 100 ಬಿಲಿಯನ್, 300 ಬಿಲಿಯನ್ ಅಂತ ಬರುತ್ತೆ, ಅದು ಏನು ಲೆಕ್ಕ? ನಮ್ಮ ಪಾವಗಡದ ಸೋಲಾರ್ ಪಾರ್ಕಿಗೆ ಬಂದ ಹಾಗೆ ಖಾಸಗಿ ಕಂಪನಿಗಳೇ ಬಂದ್ರೆ ಸಾಕಾಗಲ್ವಾ? ಇದರಲ್ಲಿ ಭಾರತದ ಪಾತ್ರ ಏನು?

ಉತ್ತರ: ನಮಸ್ಕಾರ ಸರ್. ಆ ಹುಡುಗಿಗೆ ಮೊದಲು ಉತ್ತರ ಹೇಳಿಬಿಡಿ, ಬಹುಪಾಲು ಸಾಲ, ಸ್ವಲ್ಪ ವಿಮೆ, ಇನ್ನೂ ಸ್ವಲ್ಪ ಅನುದಾನ. ನಾನು ಹತ್ತೊಂಬತ್ತು ವರ್ಷ ವಿಮೆ ಮತ್ತೆ ಮರುವಿಮೆ ಕೆಲಸದಲ್ಲೇ ಇದ್ದವನು, ಅದರಲ್ಲೂ ಬೆಳೆ ವಿಮೆ, ಪ್ರಕೃತಿ ವಿಕೋಪದ ವಿಮೆ, ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನಿಸಿರೋದು ಒಂದಿದೆ. ಎಷ್ಟು ಬಿಲಿಯನ್ ಅನ್ನೋದರ ಮೇಲೇ ಎಲ್ಲರ ಕಣ್ಣು ಇರುತ್ತೆ, ಆ ದುಡ್ಡು ಯಾವ ದಿನ ಕೈಗೆ ಬಂತು, ಸಾಲಪತ್ರದ ಒಳಗೆ ಏನು ಬರೆದಿದೆ ಅಂತ ಕೇಳೋರು ಕಡಿಮೆ. ಒಂದು ಸಣ್ಣ ದೇಶ ಎದ್ದು ನಿಲ್ಲೋದೋ ಮುಳುಗೋದೋ ಅಲ್ಲೇ ತೀರ್ಮಾನ ಆಗುತ್ತೆ.

ನೀವು ಹೇಳಿದ ಚಂಡಮಾರುತದ ಹೆಸರು ಬೆರಿಲ್. ಜೂನ್ 29ಕ್ಕೆ ಬ್ರಿಡ್ಜ್‌ಟೌನಿನ ಕೆನ್ಸಿಂಗ್ಟನ್ ಓವಲಲ್ಲಿ ಫೈನಲ್ ಆಯ್ತು, ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿ ಕೊನೇ ಮ್ಯಾಚ್, ಎರಡೇ ದಿನಕ್ಕೆ ಬೆರಿಲ್ ಬಾರ್ಬಡೋಸಿನ ದಕ್ಷಿಣಕ್ಕೆ ಹಾದು ಹೋಯ್ತು, ಏರ್‌ಪೋರ್ಟ್ ಮುಚ್ಚಿದ್ರು, ಟೀಮ್ ಹೋಟೆಲಲ್ಲಿ ಉಳೀತು, ಜುಲೈ 4ಕ್ಕೆ ದೆಹಲಿ ತಲುಪಿತು. ನಮ್ಮ ಟಿವಿಗಳಲ್ಲಿ ಸುದ್ದಿ ಅಲ್ಲಿಗೆ ನಿಂತಿತು. ಆದ್ರೆ ಬಾರ್ಬಡೋಸ್ ಅವತ್ತು ಬದುಕಿಕೊಂಡಿತ್ತು, ಮೀನುಗಾರರ ದೋಣಿಗಳು ಸಿಕ್ಕಾಪಟ್ಟೆ ಜಖಂ ಆದ್ವು ಅನ್ನೋದು ಬಿಟ್ರೆ. ನಿಜವಾದ ಹೊಡೆತ ಬಿದ್ದಿದ್ದು ಪಕ್ಕದ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕೂ ಅನ್ನೋ ಸಣ್ಣ ದ್ವೀಪಕ್ಕೆ, ಜುಲೈ 1ರ ಬೆಳಿಗ್ಗೆ. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮ ಆಯ್ತು ಅಂತ ಅಲ್ಲಿನ ಪ್ರಧಾನಿ ಡಿಕನ್ ಮಿಚೆಲ್ ಹೇಳಿದ್ರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಟ್ಟಡಗಳಿಗೆ ಏಟು ಬಿದ್ದಿತ್ತು, ಆಸ್ಪತ್ರೆಯ ಮಾಡೂ ಹಾರಿತ್ತು. ಇಡೀ ಗ್ರೆನಡಾ ದೇಶದ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ಅಂದ್ರೆ ನಿಮ್ಮ ದಾವಣಗೆರೆ ನಗರದ ಕಾಲು ಭಾಗದಷ್ಟು. ಇಷ್ಟು ಸಣ್ಣ ದೇಶಕ್ಕೆ ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ ಸುಮಾರು 21.8 ಕೋಟಿ ಡಾಲರ್ ನಷ್ಟ ಆಯ್ತು.

ಈ ಗ್ರೆನಡಾನೇ ಕ್ಲಾಸಲ್ಲಿ ಉದಾಹರಣೆ ತಗೊಳ್ಳಿ ಸರ್, ಯಾಕಂದ್ರೆ ಇದೇ ದೇಶಕ್ಕೆ ಇಪ್ಪತ್ತು ವರ್ಷದ ಹಿಂದೆ ಇದಕ್ಕಿಂತ ದೊಡ್ಡ ಹೊಡೆತ ಬಿದ್ದಿತ್ತು, ಆಗ ದುಡ್ಡು ಹೇಗೆ ಬಂತು, ಈಗ ಹೇಗೆ ಬಂತು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

2004ರ ಸೆಪ್ಟೆಂಬರ್, ಐವಾನ್ ಅನ್ನೋ ಚಂಡಮಾರುತ. ಹತ್ತರಲ್ಲಿ ಒಂಬತ್ತು ಮನೆಗೆ ಹಾನಿ, 39 ಜನ ಸತ್ತರು, ನಷ್ಟದ ಮೊತ್ತ ಆ ದೇಶದ ಒಂದು ವರ್ಷದ ಜಿಡಿಪಿಯ ಎರಡು ಪಟ್ಟು. ಈ ಎರಡು ಪಟ್ಟು ಅನ್ನೋದನ್ನ ಸ್ವಲ್ಪ ನಿಂತು ಯೋಚನೆ ಮಾಡಿ. ಇಡೀ ಕರ್ನಾಟಕ ಎರಡು ವರ್ಷ ದುಡಿದು ಉತ್ಪಾದಿಸಿದ್ದೆಲ್ಲಾ ಒಂದು ಸಂಜೆಯಲ್ಲಿ ಹೋಯ್ತು ಅಂತ ಲೆಕ್ಕ. ಜಾಗತಿಕ ಹವಾಮಾನದ ಮಾತು ಬಂದಾಗ ನಾವು ದೊಡ್ಡ ದೇಶದೋರಿಗೆ ಇದು ಅರ್ಥ ಆಗೋದು ಕಷ್ಟ, ನಮ್ಮಲ್ಲಿ ಕೊಡಗು ಕುಸಿದ್ರೆ ಬೆಂಗಳೂರು ಇರುತ್ತೆ, ಒಡಿಶಾಕ್ಕೆ ಗಾಳಿ ಹೊಡೆದ್ರೆ ಗುಜರಾತ್ ಇರುತ್ತೆ, ತೆರಿಗೆ ಕಟ್ಟೋರು ಬೇರೆ ಕಡೆ ಉಳಿದಿರ್ತಾರೆ. ಸಣ್ಣ ದ್ವೀಪದಲ್ಲಿ ಹಾನಿ ಆದೋನೂ ತೆರಿಗೆ ಕಟ್ಟೋನೂ ಒಬ್ಬನೇ.

ಅದರಲ್ಲಿ ಮನಸ್ಸಿಗೆ ತುಂಬಾ ತಟ್ಟೋದು ಜಾಯಿಕಾಯಿ ವಿಷಯ. ಗ್ರೆನಡಾ ದೇಶದ ಬಾವುಟದಲ್ಲೇ ಜಾಯಿಕಾಯಿ ಇದೆ, ಐವಾನ್ ಬರೋ ಮುಂಚೆ ಇಂಡೊನೇಷ್ಯಾ ಬಿಟ್ಟರೆ ಜಗತ್ತಿಗೆ ಅತಿ ಹೆಚ್ಚು ಜಾಯಿಕಾಯಿ, ಜಾಪತ್ರೆ ಕೊಡ್ತಿದ್ದದ್ದು ಇದೇ ದ್ವೀಪ. ಬಹುಪಾಲು ಮರ ಒಂದೇ ರಾತ್ರಿಯಲ್ಲಿ ಬುಡಸಮೇತ ಬಿದ್ದವು. ನಮ್ಮದು ಸಿದ್ದಾಪುರ ತಾಲೂಕು, ಅಡಿಕೆ ತೋಟದ ಮಧ್ಯೆ ಅಪ್ಪ ಹಾಕಿದ ಹತ್ತಿಪ್ಪತ್ತು ಜಾಯಿಕಾಯಿ ಗಿಡ ಇದಾವೆ, ಹಾಗಾಗಿ ಇದು ನಂಗೆ ಪುಸ್ತಕದ ಮಾತಲ್ಲ. ಬೀಜ ಹಾಕಿ ಬೆಳೆಸಿದ ಗಿಡ ಹೂ ಬಿಡೋಕೇ ಆರೇಳು ವರ್ಷ, ಆಮೇಲೆ ಗೊತ್ತಾಗುತ್ತೆ ಅದು ಗಂಡೋ ಹೆಣ್ಣೋ ಅಂತ, ಗಂಡಾದ್ರೆ ಅಷ್ಟು ವರ್ಷ ಗೊಬ್ಬರ ಹಾಕಿದ್ದು ದಂಡ, ಪೂರ್ತಿ ಫಸಲು ಬರೋಕೆ ಹದಿನೈದು ವರ್ಷ ಬೇಕು. ಈಗ ಹೇಳಿ ಸರ್, ಮರ ಬಿದ್ದ ರೈತನಿಗೆ ಯಾರೋ ಸಾಲ ಕೊಟ್ಟು ಮುಂದಿನ ವರ್ಷದಿಂದಲೇ ಕಂತು ಕಟ್ಟು ಅಂದ್ರೆ ಅವನು ಯಾವುದರಿಂದ ಕಟ್ಟೋದು? ಒಂದು ತೋಟಕ್ಕೆ ಅನ್ವಯಿಸೋ ಈ ಲೆಕ್ಕನೇ ದೇಶಕ್ಕೂ ಅನ್ವಯಿಸುತ್ತೆ. ಆದಾಯ ಬರೋಕೆ ಹತ್ತು ವರ್ಷ ಬೇಕಾದ ಜಾಗಕ್ಕೆ ಮೂರು ವರ್ಷಕ್ಕೇ ವಾಪಸ್ ಕೇಳೋ ದುಡ್ಡು ಕೊಟ್ಟರೆ ಅದು ಗಾಯದ ಮೇಲೆ ಬರೆ ಎಳೆದ ಹಾಗೆ.

ಆಗಿದ್ದೂ ಅದೇ. 2004ರ ಕೊನೆಗೆ ಗ್ರೆನಡಾ ಹಳೇ ಸಾಲ ಕಟ್ಟೋಕಾಗದೆ ಕೈಚೆಲ್ಲಿತು, 2005ರಲ್ಲಿ ಸಾಲ ಕೊಟ್ಟೋರ ಜೊತೆ ಮಾತಾಡಿ ಅವಧಿ ಮುಂದೆ ಹಾಕಿಸ್ಕೊಂಡಿತು, ಅದೇ ವರ್ಷ ಜುಲೈಯಲ್ಲಿ ಎಮಿಲಿ ಅನ್ನೋ ಇನ್ನೊಂದು ಚಂಡಮಾರುತ ಬಂದು ಅರ್ಧ ಕಟ್ಟಿದ್ದನ್ನೂ ಕೆಡವಿತ್ತು, ಆಮೇಲೆ 2008ರ ಜಾಗತಿಕ ಹಣಕಾಸು ಬಿಕ್ಕಟ್ಟು, ಟೂರಿಸ್ಟುಗಳು ಬರೋದು ಕಡಿಮೆ ಆಯ್ತು, 2013ರಲ್ಲಿ ಮತ್ತೆ ಸಾಲ ಕಟ್ಟೋಕಾಗಲಿಲ್ಲ. ಹತ್ತು ವರ್ಷದೊಳಗೆ ಎರಡು ಸಲ. ಇದರಲ್ಲಿ ಆ ಸರ್ಕಾರಗಳ ತಪ್ಪೂ ಇತ್ತು, ಖರ್ಚು ಹತೋಟಿಯಲ್ಲಿ ಇರಲಿಲ್ಲ. ಆದ್ರೆ ಐವಾನ್ ಬರದೇ ಇದ್ದಿದ್ರೆ ಇಷ್ಟು ಆಳಕ್ಕೆ ಬೀಳ್ತಿರಲಿಲ್ಲ.

ಎರಡನೇ ಸಲ ಮಾತುಕತೆ ಮುಗಿದಿದ್ದು 2015ರಲ್ಲಿ. ಅಸಲಿನಲ್ಲಿ ಅರ್ಧದಷ್ಟು ಬಿಟ್ಟುಕೊಡೋಕೆ ಸಾಲ ಕೊಟ್ಟೋರು ಒಪ್ಪಿದ್ರು, ಜೊತೆಗೆ ಹೊಸ ಬಾಂಡಿನ ಪತ್ರದಲ್ಲಿ ಒಂದು ಕಲಂ ಸೇರಿಸಿದ್ರು. ಚಂಡಮಾರುತ ಬಂದು ನಷ್ಟ ಇಂತಿಷ್ಟು ದಾಟಿದ್ರೆ ಗ್ರೆನಡಾ ಕಂತನ್ನ ಮುಂದೆ ಹಾಕಬಹುದು, ಅದನ್ನ ಸಾಲ ತಪ್ಪಿಸಿದ್ದು ಅಂತ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ನಷ್ಟದ ಅಂದಾಜು 1.5 ಕೋಟಿ ಡಾಲರ್ ದಾಟಿದ್ರೆ ಒಂದು ಕಂತು, 3 ಕೋಟಿ ದಾಟಿದ್ರೆ ಎರಡು. ಲಾಕ್‌ಡೌನ್ ಟೈಮಲ್ಲಿ 2020ರಲ್ಲಿ ಇಎಂಐ ಮಾರಟೋರಿಯಂ ಕೊಟ್ಟಿದ್ರಲ್ಲ, ನಿಮ್ಮ ವಿದ್ಯಾರ್ಥಿಗಳ ಮನೆಯಲ್ಲೂ ಯಾರಾದ್ರೂ ತಗೊಂಡಿರ್ತಾರೆ, ಹೆಚ್ಚುಕಮ್ಮಿ ಅದೇ. ವ್ಯತ್ಯಾಸ ಏನಂದ್ರೆ ನಮ್ಮ ಮಾರಟೋರಿಯಂ ಕಷ್ಟ ಬಂದ ಮೇಲೆ ರಿಸರ್ವ್ ಬ್ಯಾಂಕ್ ಯೋಚನೆ ಮಾಡಿ ಕೊಟ್ಟಿದ್ದು, ಇದು ಕಷ್ಟ ಬರೋ ಒಂಬತ್ತು ವರ್ಷ ಮುಂಚೆನೇ ಸಹಿ ಆಗಿ ಕೂತಿದ್ದು. ನಮ್ಮಲ್ಲಿ ಆದ ಹಾಗೆ ಅಲ್ಲೂ ಬಡ್ಡಿ ಮನ್ನಾ ಇಲ್ಲ, ಮುಂದೆ ಹಾಕಿದ ಬಡ್ಡಿ ಅಸಲಿಗೆ ಸೇರುತ್ತೆ, ಇದನ್ನೂ ಮಕ್ಕಳಿಗೆ ಹೇಳಿ.

2024ರ ಆಗಸ್ಟಲ್ಲಿ ಗ್ರೆನಡಾ ಆ ಕಲಂ ಬಳಸಿಕೊಳ್ತೀವಿ ಅಂತ ಘೋಷಿಸಿತು. ಖಾಸಗಿಯವರು ಸಾಲ ಕೊಟ್ಟ ಬಾಂಡಿನ ಮೇಲೆ ಒಂದು ದೇಶ ಹೀಗೆ ಮಾಡಿದ್ದು ಜಗತ್ತಲ್ಲೇ ಮೊದಲು. ಸುಮಾರು 1.25 ಕೋಟಿ ಡಾಲರ್ ಕಂತು ಮುಂದಕ್ಕೆ ಹೋಯ್ತು. ದೊಡ್ಡ ಮೊತ್ತ ಅಲ್ಲ, ಬೆಂಗಳೂರಿನ ಒಂದು ಫ್ಲೈಓವರ್ ಖರ್ಚಿನ ಹತ್ತಿರದ್ದು. ಆದ್ರೆ ಕ್ಯಾರಿಯಾಕೂನಲ್ಲಿ ಜನ ಟಾರ್ಪಾಲಿನ ಕೆಳಗೆ ಮಲಗಿದ್ದ ತಿಂಗಳಲ್ಲಿ ಆ ದುಡ್ಡು ನ್ಯೂಯಾರ್ಕಿಗೋ ಲಂಡನ್ನಿಗೋ ಹೋಗದೆ ದೇಶದ ಖಜಾನೆಯಲ್ಲೇ ಉಳೀತು, ಯಾರ ಮುಂದೆಯೂ ಕೈಚಾಚದೆ, ಯಾವ ಸಮ್ಮೇಳನಕ್ಕೂ ಕಾಯದೆ. ನನ್ನ ಪ್ರಕಾರ ಈ ಇಡೀ ಕ್ಷೇತ್ರದಲ್ಲಿ ಕಳೆದ ಹತ್ತು ವರ್ಷದಲ್ಲಿ ಆದ ಅತ್ಯಂತ ಒಳ್ಳೇ ಕೆಲಸ ಇದು.

ಇನ್ನೊಂದು ದುಡ್ಡು ಇದಕ್ಕಿಂತ ಬೇಗ ಬಂತು, ವಿಮೆಯದ್ದು. ಐವಾನ್ ಆದ ಮೇಲೆ ಕೆರಿಬಿಯನ್ ದೇಶಗಳೆಲ್ಲಾ ಸೇರಿ 2007ರಲ್ಲಿ ಸಿಸಿಆರ್‌ಐಎಫ್ ಅನ್ನೋ ಕೂಟ ಮಾಡ್ಕೊಂಡ್ರು, ಪ್ರತಿ ದೇಶ ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತೆ, ಗಾಳಿ ಎಲ್ಲಾ ದ್ವೀಪಕ್ಕೂ ಒಂದೇ ಸಲ ಹೊಡೆಯಲ್ಲ, ಹಾಗಾಗಿ ಒಬ್ಬೊಬ್ಬರೇ ವಿಮೆ ತಗೊಳ್ಳೋದಕ್ಕಿಂತ ಕಡಿಮೆಗೆ ಸಿಗುತ್ತೆ. ಸರ್ವೇ ಮಾಡೋಕೆ ಯಾರೂ ಬರಲ್ಲ, ಗಾಳಿಯ ವೇಗ ಎಷ್ಟಿತ್ತು, ಎಲ್ಲಿ ಹಾದು ಹೋಯ್ತು ಅನ್ನೋದನ್ನ ಮಾಡೆಲ್ಲಿಗೆ ಹಾಕಿದ್ರೆ ಅಂದಾಜು ನಷ್ಟ ಬರುತ್ತೆ, ಹದಿನಾಲ್ಕು ದಿನದೊಳಗೆ ದುಡ್ಡು. ಬೆರಿಲ್‌ಗೆ ಗ್ರೆನಡಾಕ್ಕೆ ಸುಮಾರು 4.4 ಕೋಟಿ ಡಾಲರ್ ಬಂತು. ಅಂದ್ರೆ ಒಟ್ಟು ನಷ್ಟದ ಐದನೇ ಒಂದು ಭಾಗ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನಮ್ಮ ಹವಾಮಾನ ಆಧಾರಿತ ಬೆಳೆ ವಿಮೆ ಥೇಟ್ ಇದೇ ತರ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲು 6,400, ಪಂಚಾಯ್ತಿಯಲ್ಲಿ ಇಟ್ಟಿರೋ ಮಳೆ ಮಾಪಕ ಏನು ಹೇಳುತ್ತೋ ಅದೇ ಪರಿಹಾರ, ತೋಟಕ್ಕೆ ಯಾರೂ ಬಂದು ಕೊಳೆ ಎಷ್ಟು ಬಂದಿದೆ ಅಂತ ಎಣಿಸಲ್ಲ. ಇದರ ಒಳ್ಳೇದೂ ಅದೇ, ಕೆಟ್ಟದ್ದೂ ಅದೇ. ನಮ್ಮ ಮನೆಯಿಂದ ಮಾಪಕ ಇರೋ ಜಾಗಕ್ಕೆ ನಾಲ್ಕು ಕಿಲೋಮೀಟರ್, ಮಧ್ಯೆ ಒಂದು ಗುಡ್ಡ. ಒಂದು ವರ್ಷ ಗುಡ್ಡದ ಈಚೆ ಬಿಡದೆ ಹೊಡೆದು ಮರದ ಬುಡದಲ್ಲೆಲ್ಲಾ ಕೊಳೆ ಅಡಿಕೆ ಹಾಸಿ ಬಿದ್ದಿತ್ತು, ಎರಡು ಸಲ ಬೋರ್ಡೋ ಹೊಡೆದಿದ್ರೂ ನಿಲ್ಲಲಿಲ್ಲ, ಆಚೆ ಮಾಪಕದಲ್ಲಿ ಮಧ್ಯೆ ಮಧ್ಯೆ ಒಣ ದಿನ ಬಂದಿತ್ತು. ಅಪ್ಪನಿಗೆ ಬಂದ ಪರಿಹಾರ ಪ್ರೀಮಿಯಂ ಕಟ್ಟಿದ್ದಕ್ಕೂ ಸಾಲಲಿಲ್ಲ. ಅವತ್ತು ಅಪ್ಪ ಅಂಗಳದಲ್ಲಿ ಒಂದು ಕೊಳೆ ಕಾಯಿ ನನ್ನ ಕೈಯಲ್ಲಿಟ್ಟು, "ನೀನು ಇದೇ ಕೆಲಸ ಮಾಡೋದಲ್ವಾ, ಇದನ್ನ ನಿಮ್ಮ ಮಾಪಕಕ್ಕೆ ತೋರಿಸು" ಅಂದ್ರು. ಆ ಮಾತು ಇವತ್ತಿಗೂ ಮರೆತಿಲ್ಲ.

ದೇಶಗಳಿಗೂ ಇದೇ ಆಗುತ್ತೆ. ಜಮೈಕಾ ದೇಶ ವಿಶ್ವಬ್ಯಾಂಕಿನ ಮೂಲಕ 15 ಕೋಟಿ ಡಾಲರಿನ ವಿಪತ್ತು ಬಾಂಡ್ ತಗೊಂಡಿತ್ತು, ಅಂದ್ರೆ ಚಂಡಮಾರುತ ಪತ್ರದಲ್ಲಿ ಬರೆದ ಮಟ್ಟ ಮುಟ್ಟಿದ್ರೆ ದುಡ್ಡು ಬರೋ ಒಂದು ತರದ ವಿಮೆ. ಬೆರಿಲ್ ಜಮೈಕಾದ ದಕ್ಷಿಣ ತೀರಕ್ಕೂ ಹೊಡೀತು, ರೈತರ ತೋಟ ಹೋಯ್ತು, ಮಾಡು ಹಾರಿತು, ಆದ್ರೆ ಚಂಡಮಾರುತದ ವಾಯುಭಾರ ಬಾಂಡಿನಲ್ಲಿ ಬರೆದಿದ್ದ ಮಟ್ಟಕ್ಕೆ ಇಳಿಯಲಿಲ್ಲ ಅಂತ ಒಂದು ಡಾಲರೂ ಬರಲಿಲ್ಲ. ಮುಂದಿನ ವರ್ಷ 2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಬಂತು, ಜಮೈಕಾ ಕಂಡ ಅತಿ ಭೀಕರ ಚಂಡಮಾರುತ, ಈ ಸಲ ಪೂರ್ತಿ 15 ಕೋಟಿ ಬಂತು. ನಷ್ಟದ ಅಂದಾಜು 880 ಕೋಟಿ ಡಾಲರ್. ವಿಮೆ ಬೇಡ ಅಂತ ನಾನು ಹೇಳ್ತಿಲ್ಲ, ಮೊದಲ ಎರಡು ವಾರ ಜನರೇಟರಿಗೆ ಡೀಸೆಲ್, ಕುಡಿಯೋ ನೀರು, ರಸ್ತೆ ತೆರವು ಇದಕ್ಕೆಲ್ಲಾ ಈ ದುಡ್ಡೇ ಜೀವ ಉಳಿಸೋದು. ಊರು ಕಟ್ಟೋಕೆ ಇದು ಸಾಲಲ್ಲ ಅಷ್ಟೇ.

ಬೇಗ ಬರೋದು ಎಷ್ಟು ಮುಖ್ಯ ಅಂತ ನಿಮ್ಮ ಜಿಲ್ಲೆಯ ಮಕ್ಕಳಿಗೇ ಗೊತ್ತಿರುತ್ತೆ. 2023ರ ಬರದಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು, ರಾಜ್ಯ ಕೇಂದ್ರಕ್ಕೆ 18,171 ಕೋಟಿ ಕೇಳಿತ್ತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಕೊನೆಗೆ 3,454 ಕೋಟಿ ಬಿಡುಗಡೆ ಆಗಿದ್ದು 2024ರ ಏಪ್ರಿಲ್ ಕೊನೆಗೆ. ಮಧ್ಯೆ ರಾಜ್ಯ ಸರ್ಕಾರ ಮೊದಲ ಕಂತು ಅಂತ 2,000 ರೂಪಾಯಿವರೆಗೆ ಹಾಕಿತ್ತು. ಯಾರು ಸರಿ ಯಾರು ತಪ್ಪು ಅನ್ನೋ ರಾಜಕೀಯ ನನಗೆ ಬೇಡ, ಮೆಕ್ಕೆಜೋಳ ಒಣಗಿದ್ದು ಆಗಸ್ಟಲ್ಲಿ, ರೈತ ಕೈಸಾಲ ಮಾಡಿದ್ದು ದಸರೆ ಹೊತ್ತಿಗೆ, ಪರಿಹಾರ ಬಂದಿದ್ದು ಮುಂದಿನ ಮುಂಗಾರಿನ ಬಾಗಿಲಿಗೆ. ಆ ಎಂಟು ತಿಂಗಳ ಬಡ್ಡಿ ಯಾವ ಸರ್ಕಾರದ ಲೆಕ್ಕದಲ್ಲೂ ಇರಲ್ಲ.

ಈಗ ನಿಮ್ಮ 100 ಬಿಲಿಯನ್ ಲೆಕ್ಕಕ್ಕೆ ಬರ್ತೀನಿ. 2009ರಲ್ಲಿ ವಿಶ್ವಸಂಸ್ಥೆಯ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು, 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್, ಅಂದ್ರೆ 10,000 ಕೋಟಿ ಡಾಲರ್ ಒದಗಿಸ್ತೀವಿ ಅಂತ ಮಾತು ಕೊಟ್ಟವು. ಶ್ರೀಮಂತ ದೇಶಗಳದೇ ಸಂಸ್ಥೆ ಒಇಸಿಡಿ ಲೆಕ್ಕದ ಪ್ರಕಾರ ಅದು ಮೊದಲ ಸಲ ಮುಟ್ಟಿದ್ದು 2022ರಲ್ಲಿ, 115.9 ಬಿಲಿಯನ್. ಎರಡು ವರ್ಷ ತಡ. ತಡ ಆಗಿದ್ದು ಒಂದು ಕಡೆ ಇರಲಿ, ಅದರೊಳಗೆ ಏನಿದೆ ನೋಡಿ. ಸರ್ಕಾರಗಳು, ಅಭಿವೃದ್ಧಿ ಬ್ಯಾಂಕುಗಳು ಕೊಟ್ಟಿದ್ದರಲ್ಲಿ ನೂರಕ್ಕೆ 69ರಷ್ಟು ಸಾಲ. ಸಾಲದ ಪೂರ್ತಿ ಮೊತ್ತವನ್ನ ಲೆಕ್ಕಕ್ಕೆ ಹಿಡೀತಾರೆ, ಅದು ಬಡ್ಡಿ ಸಮೇತ ವಾಪಸ್ ಬರೋದನ್ನ ಕಳೆಯಲ್ಲ. ನಾನು ನಿಮಗೆ ಒಂದು ಲಕ್ಷ ಕೈಸಾಲ ಕೊಟ್ಟು, ಬಡ್ಡಿ ಸೇರಿಸಿ ವಸೂಲು ಮಾಡಿ, ಆ ಮೇಷ್ಟ್ರಿಗೆ ಒಂದು ಲಕ್ಷ ಕೊಟ್ಟಿದ್ದೀನಿ ಅಂತ ಊರೆಲ್ಲಾ ಹೇಳಿದ್ರೆ ನಿಮಗೆ ಹೇಗನಿಸುತ್ತೋ ಬಡ ದೇಶಗಳಿಗೂ ಹಾಗೇ ಅನಿಸುತ್ತೆ.

2024ರ ನವೆಂಬರಲ್ಲಿ ಬಾಕು ಸಮ್ಮೇಳನದಲ್ಲಿ ಹೊಸ ಗುರಿ, 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್. ಅಭಿವೃದ್ಧಿಶೀಲ ದೇಶಗಳು ಕೇಳಿದ್ದು 1.3 ಟ್ರಿಲಿಯನ್, ಅದನ್ನ ಎಲ್ಲಾ ಮೂಲಗಳಿಂದ ಸೇರಿಸೋ ಪ್ರಯತ್ನ ಮಾಡೋಣ ಅಂತ ಒಂದು ಸಾಲು ಬರೆದ್ರು. ಭಾರತದ ಪ್ರತಿನಿಧಿ ಚಾಂದನಿ ರೈನಾ ಅಲ್ಲೇ ಎದ್ದು ನಿಂತು ಇದು ಕಣ್ಣಿಗೆ ಕಾಣೋ ಭ್ರಮೆ ಅಷ್ಟೇ, ನಾವು ಒಪ್ಪಲ್ಲ ಅಂದ್ರು. ಈ 300ರಲ್ಲೂ ಎಷ್ಟು ಅನುದಾನ, ಎಷ್ಟು ಸಾಲ ಅಂತ ಹಂಚಿಕೆ ಬರೆದಿಲ್ಲ.

ಇನ್ನು ಹಾನಿ ಆದ ಮೇಲೆ ಪರಿಹಾರ ಕೊಡೋಕೆ ಅಂತಲೇ ಒಂದು ನಿಧಿ ಇದೆ. 2022ರಲ್ಲಿ ಈಜಿಪ್ಟಿನ ಸಮ್ಮೇಳನದಲ್ಲಿ ಒಪ್ಪಿದ್ರು, 2023ರಲ್ಲಿ ದುಬೈಯಲ್ಲಿ ಶುರುವಾಯ್ತು. ಅದಕ್ಕೆ ಬಂದ ವಾಗ್ದಾನ ಎಲ್ಲಾ ಸೇರಿ 80 ಕೋಟಿ ಡಾಲರ್ ಆಸುಪಾಸು, 2025ರ ಮಾರ್ಚಲ್ಲಿ ಅಮೆರಿಕ ಅದರ ಮಂಡಳಿಯಿಂದ ಹೊರಗೆ ನಡೀತು. ಮೆಲಿಸ್ಸಾ ಒಂದೇ ಚಂಡಮಾರುತ, ಜಮೈಕಾ ಒಂದೇ ದೇಶ, ನಷ್ಟ 880 ಕೋಟಿ ಅಂತ ಈಗ ತಾನೇ ಹೇಳಿದೆ. ಬೋರ್ಡ್ ಮೇಲೆ ಎರಡೂ ಸಂಖ್ಯೆ ಬರೆದು ತೋರಿಸಿ, ಬೇರೆ ವಿವರಣೆ ಬೇಕಾಗಲ್ಲ.

ಖಾಸಗಿಯವರು ಬಂದ್ರೆ ಸಾಕಲ್ವಾ ಅಂದ್ರಿ. ಪಾವಗಡ ಒಳ್ಳೇ ಉದಾಹರಣೆ, ಖಾಸಗಿ ದುಡ್ಡು ಎಲ್ಲಿಗೆ ಬರುತ್ತೆ ಎಲ್ಲಿಗೆ ಬರಲ್ಲ ಅಂತ ಎರಡನ್ನೂ ಅಲ್ಲೇ ನೋಡಬಹುದು. 13,000 ಎಕರೆ, 2,050 ಮೆಗಾವ್ಯಾಟ್, ರೈತರ ಜಮೀನು ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಕಂಪನಿಗಳು ಸಾಲುಗಟ್ಟಿ ಬಂದವು, ಯಾಕೆ? 25 ವರ್ಷ ಕರೆಂಟ್ ಕೊಂಡ್ಕೊತೀವಿ ಅಂತ ಕರಾರು ಕೈಯಲ್ಲಿತ್ತು, ತಿಂಗಳು ತಿಂಗಳು ಬಿಲ್ಲು, ಬಿಲ್ಲಿಂದ ಸಾಲ ತೀರುತ್ತೆ. ಅದೇ ಪಾವಗಡದಲ್ಲಿ ಒಂದು ಕೆರೆಯ ಹೂಳು ತೆಗೆಸಿ ಏರಿ ಗಟ್ಟಿ ಮಾಡೋಕೆ ಯಾವ ಕಂಪನಿ ಬರುತ್ತೆ? ಕೆರೆ ತುಂಬಿದ್ರೆ ಸುತ್ತ ಮುತ್ತ ಬೋರ್‌ವೆಲ್ ಬದುಕುತ್ತೆ, ಗುಳೆ ಹೋಗೋದು ತಪ್ಪುತ್ತೆ, ಲಾಭ ಊರಿಗೆಲ್ಲಾ ಹಂಚಿಹೋಗುತ್ತೆ, ಆದ್ರೆ ಬಿಲ್ಲು ಯಾರಿಗೆ ಕಳಿಸೋದು? ಇಂಗಾಲ ಕಡಿಮೆ ಮಾಡೋ ಕೆಲಸಕ್ಕೆ ಮಾರೋಕೆ ಒಂದು ಸರಕು ಇದೆ, ಹೊಡೆತ ತಡ್ಕೊಳ್ಳೋ ಕೆಲಸಕ್ಕೆ ಇಲ್ಲ. ಅದಕ್ಕೇ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ನೋಡಿದ್ರೆ, ಹೊಂದಾಣಿಕೆಯ, ಅಂದ್ರೆ ಈ ಹೊಡೆತ ತಡ್ಕೊಳ್ಳೋ ಕೆಲಸಕ್ಕೆ 2035ರ ಹೊತ್ತಿಗೆ ವರ್ಷಕ್ಕೆ 310ರಿಂದ 365 ಬಿಲಿಯನ್ ಡಾಲರ್ ಬೇಕು, 2023ರಲ್ಲಿ ಹೊರಗಿನ ಸರ್ಕಾರಿ ದುಡ್ಡು ಅಂತ ಬಂದಿದ್ದು 26 ಬಿಲಿಯನ್.

ಈ ಕೆಲಸ ಎಷ್ಟು ಬೆಲೆಬಾಳುತ್ತೆ ಅಂತ ಬಾಂಗ್ಲಾದೇಶ ತೋರಿಸಿದೆ. 1970ರ ಭೋಲಾ ಚಂಡಮಾರುತದಲ್ಲಿ ಕಡಿಮೆ ಅಂದ್ರೂ ಮೂರು ಲಕ್ಷ ಜನ ಸತ್ತರು, 1991ರಲ್ಲಿ ಸುಮಾರು 1,40,000. ಆ ದೇಶ ಸೈಕ್ಲೋನ್ ಆಶ್ರಯ ಕಟ್ಟಡ ಕಟ್ಟಿತು, ಮೆಗಾಫೋನ್ ಹಿಡಿದು ಸೈಕಲ್ಲಲ್ಲಿ ಊರೂರು ಸುತ್ತೋ ಸ್ವಯಂಸೇವಕರನ್ನ ಸಾವಿರಗಟ್ಟಲೆ ತಯಾರು ಮಾಡಿತು, ದನ ಕರು ಬಿಟ್ಟು ಬರಲ್ಲ ಅಂದೋರಿಗೆ ಅವನ್ನ ಕಟ್ಟೋಕೂ ಜಾಗ ಮಾಡಿತು. 2020ರ ಅಂಫಾನ್‌ಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನ ಸ್ಥಳಾಂತರಿಸಿದ್ರು, ಬಾಂಗ್ಲಾದಲ್ಲಿ ಸತ್ತವರು ನೂರಕ್ಕಿಂತ ಕಡಿಮೆ. ಇಷ್ಟು ಜೀವ ಉಳಿಸಿದ ಆ ಕಟ್ಟಡಗಳು ಯಾವ ಹೂಡಿಕೆದಾರನಿಗೂ ಒಂದು ಟಾಕಾ ವಾಪಸ್ ಕೊಡಲ್ಲ. ಇಂಥದ್ದಕ್ಕೆ ಅನುದಾನನೇ ಬೇಕು, ಬೇರೆ ದಾರಿ ಇಲ್ಲ, ಇದರಲ್ಲಿ ನಾನು ಯಾವ ರಾಜಿಗೂ ತಯಾರಿಲ್ಲ.

ಅನುದಾನ ಸಿಗದೆ ಹೋದ್ರೆ ದೇಶಗಳು ಏನೇನು ಮಾಡ್ತಾವೆ ಗೊತ್ತಾ, 2017ರಲ್ಲಿ ಮರಿಯಾ ಚಂಡಮಾರುತದಿಂದ ಜಿಡಿಪಿಯ ಎರಡು ಪಟ್ಟಿಗಿಂತ ಹೆಚ್ಚು ಕಳ್ಕೊಂಡ ಡೊಮಿನಿಕಾ, ಹೊರದೇಶದ ಹಣವಂತರಿಗೆ ತನ್ನ ಪೌರತ್ವ ಮಾರಿ ಬಂದ ದುಡ್ಡಲ್ಲಿ ಗಾಳಿ ತಡೆಯೋ ಮನೆಗಳನ್ನ ಕಟ್ಟಿಸಿತು. ಬಾರ್ಬಡೋಸ್ ಪ್ರಧಾನಿ ಮಿಯಾ ಮಾಟ್ಲಿ ಬೇರೆ ದಾರಿ ಹಿಡಿದ್ರು. 2022ರಲ್ಲಿ ಬ್ರಿಡ್ಜ್‌ಟೌನ್ ಇನಿಶಿಯೇಟಿವ್ ಅಂತ ಒಂದು ಬೇಡಿಕೆ ಪಟ್ಟಿ ಇಟ್ಟು, ಐಎಂಎಫ್, ವಿಶ್ವಬ್ಯಾಂಕ್ ಸಾಲ ಕೊಡೋ ರೀತಿನೇ ಬದಲಾಗ್ಬೇಕು ಅಂತ ಹಠ ಹಿಡಿದ್ರು, ಅದರಲ್ಲಿ ಗ್ರೆನಡಾ ಮಾದರಿಯ ಕಲಂ ಎಲ್ಲಾ ಸಾಲಪತ್ರದಲ್ಲೂ ಇರಲಿ ಅನ್ನೋದೂ ಒಂದು. ಮುಂದಿನ ವರ್ಷ ಪ್ಯಾರಿಸಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷ, ನಮ್ಮ ಪುಣೆ ಮೂಲದ ಅಜಯ್ ಬಂಗಾ, ಸಣ್ಣ ದೇಶಗಳ ಸಾಲಕ್ಕೆ ಅದನ್ನ ಸೇರಿಸ್ತೀವಿ ಅಂತ ಘೋಷಿಸಿದ್ರು, ಈಗ ವಿಪತ್ತು ಆದ್ರೆ ಎರಡು ವರ್ಷದವರೆಗೆ ಕಂತು ನಿಲ್ಲಿಸಬಹುದು. 2024ರ ಡಿಸೆಂಬರಲ್ಲಿ ಬಾರ್ಬಡೋಸ್ ದುಬಾರಿ ಬಡ್ಡಿಯ ಹಳೇ ಸಾಲ ತೀರಿಸಿ ಕಡಿಮೆ ಬಡ್ಡಿಯ ಹೊಸ ಸಾಲ ತಗೊಂಡು, ಉಳಿದ ಸುಮಾರು 12.5 ಕೋಟಿ ಡಾಲರನ್ನ ಕೊಳಚೆ ನೀರು ಶುದ್ಧೀಕರಣ, ಕುಡಿಯೋ ನೀರಿಗೆ ಹಾಕೋ ಒಪ್ಪಂದನೂ ಮಾಡ್ಕೊಂಡಿತು. ಇದು ಸಾಧ್ಯ ಆಗಿದ್ದು ಎರಡು ದೊಡ್ಡ ಅಭಿವೃದ್ಧಿ ಬ್ಯಾಂಕುಗಳು ಜಾಮೀನು ನಿಂತಿದ್ದಕ್ಕೆ, ಜಾಮೀನು ಸಿಗದ ದೇಶಕ್ಕೆ ಇದು ಸಿಗಲ್ಲ.

ಕೊನೇದಾಗಿ ಭಾರತ. ನಾವು ಈ ಮಾತುಕತೆಯಲ್ಲಿ ಕೇಳೋ ಸಾಲಿನಲ್ಲೂ ಕೂರ್ತೀವಿ, ಕೊಡೋ ಸಾಲಿನಲ್ಲೂ ಕೂರ್ತೀವಿ. ವಿಪತ್ತು ತಡೆಯೋ ಮೂಲಸೌಕರ್ಯಕ್ಕೆ ಅಂತ 2019ರಲ್ಲಿ ಸಿಡಿಆರ್‌ಐ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟ ಶುರು ಮಾಡಿದ್ದು ಭಾರತ, ಅದರ ಕಚೇರಿ ದೆಹಲಿಯಲ್ಲಿದೆ, ದ್ವೀಪ ದೇಶಗಳಿಗಾಗಿಯೇ ಅದರಡಿ 2021ರಲ್ಲಿ ಐರಿಸ್ ಅನ್ನೋ ಯೋಜನೆ ಬಂತು. 2024ರ ನವೆಂಬರಲ್ಲಿ ಗಯಾನಾದಲ್ಲಿ ಭಾರತ ಮತ್ತೆ ಕೆರಿಬಿಯನ್ ದೇಶಗಳ ಶೃಂಗಸಭೆ ಆದಾಗ ನಮ್ಮ ಪ್ರಧಾನಿ ಪಕ್ಕದಲ್ಲಿ ಸಹ ಅಧ್ಯಕ್ಷರಾಗಿ ಕೂತಿದ್ದು ಅದೇ ಗ್ರೆನಡಾದ ಡಿಕನ್ ಮಿಚೆಲ್, ಕ್ಯಾರಿಯಾಕೂ ನೆಲಸಮ ಆಗಿ ಆಗ ಐದು ತಿಂಗಳೂ ತುಂಬಿರಲಿಲ್ಲ. ನಮ್ಮ ಸರ್ಕಾರ ಎಕ್ಸಿಮ್ ಬ್ಯಾಂಕಿನ ಮೂಲಕ ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್ ದೇಶಗಳಿಗೆಲ್ಲಾ ಸಾಲ ಕೊಡುತ್ತೆ, ಆಸ್ಪತ್ರೆಗೆ, ರಸ್ತೆಗೆ, ಸಕ್ಕರೆ ಕಾರ್ಖಾನೆಗೆ. ಬಾಕುವಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ ದೇಶ, ತಾನು ಕೊಡೋ ಪ್ರತಿ ಸಾಲಪತ್ರದಲ್ಲೂ ಆ ಒಂದು ಕಲಂ ಬರೀಬೇಕು ಅನ್ನೋದು ನನ್ನ ಆಸೆ. ನಿಮ್ಮ ವಿದ್ಯಾರ್ಥಿನಿ ಮುಂದೆ ಅರ್ಥಶಾಸ್ತ್ರನೇ ಓದೋದಾದ್ರೆ ಗ್ರೆನಡಾದ 2015ರ ಬಾಂಡ್ ಪತ್ರ ಹುಡುಕಿ ಓದೋಕೆ ಹೇಳಿ, ಕಲಂ ಇರೋದು ಕೆಲವೇ ಪುಟ, ಭಾಷೆ ಸ್ವಲ್ಪ ವಕೀಲರದ್ದು, ಎಲ್ಲಾದ್ರೂ ಸಿಕ್ಕಿಕೊಂಡ್ರೆ ನನಗೆ ಬರೀಲಿ, ಕೂತು ಬಿಡಿಸಿ ಹೇಳ್ತೀನಿ.